ಗುಳ್ಳೆಗಳ ಇನ್ನೂರೈವತ್ತು ವರ್ಷ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಹೈಡ್ರಿಲ್ಲಾ ಪ್ರಯೋಗ ನೆನಪಿರುತ್ತದೆ. ಬೀಕರಿನ ನೀರಿನಲ್ಲಿ ನಾಲ್ಕಾರು ಹೈಡ್ರಿಲ್ಲಾ ಕಡ್ಡಿಗಳು, ಅವುಗಳ ಮೇಲೆ ಬೋರಲಾಗಿಟ್ಟ ಗಾಜಿನ ಆಲಿಕೆ, ಆಲಿಕೆಯ ತುದಿಗೆ ನೀರು ತುಂಬಿದ ಪ್ರನಾಳ. ಬಿಸಿಲಿಗೆ ಇಟ್ಟರೆ ಎಲೆಗಳಿಂದ ಒಂದೊಂದೇ ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ಮೇಷ್ಟರು ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಗುಳ್ಳೆಗಳು ಸಾಲುಗಟ್ಟುತ್ತವೆ.

ಆ ಒಂದು ಚಿಟಿಕೆಯೇ ಬೆಳೆದು ಇಂದು ಸಿಲಿಂಡರು, ರೆಗ್ಯುಲೇಟರು, ಸೊಲೆನಾಯ್ಡ್, ಡಿಫ್ಯೂಸರುಗಳ ಒಂದು ಪುಟ್ಟ ಕಾರ್ಖಾನೆಯಾಗಿದೆ. ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಯಂಥ ಊರುಗಳ ಚಿಕ್ಕ ಮನೆಗಳಲ್ಲಿ ಸೊಪ್ಪು ಸದೆ ತುಂಬಿದ ಮೀನಿನ ತೊಟ್ಟಿ ಇಟ್ಟವರು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹನಿ ಲೆಕ್ಕದಲ್ಲಿ ನೀರಿಗೆ ಬಿಡುತ್ತಾರೆ. ಸ್ವಲ್ಪ ಕಡಿಮೆಯಾದರೆ ಗಿಡ ಸೊರಗಿ ಪಾಚಿ ಹಬ್ಬುತ್ತದೆ, ಸ್ವಲ್ಪ ಹೆಚ್ಚಾದರೆ ಮೀನು ಸಾಯುತ್ತದೆ. ಈ ಎರಡರ ನಡುವಿನ ಕಿರಿದಾದ ಜಾಗವನ್ನು ಮನುಷ್ಯರು ಹುಡುಕಿಕೊಂಡ ಬಗೆಗೆ ಉದ್ದನೆಯ ಇತಿಹಾಸವಿದೆ. ಅದು ಆರಂಭವಾಗುವುದು ಬಿಯರ್ ಕಾಯಿಸುವ ಒಂದು ಕೊಟ್ಟಿಗೆಯಲ್ಲಿ.

ಲೀಡ್ಸ್‌ನಿಂದ ಜಿನೀವಾಕ್ಕೆ

ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಪಾದ್ರಿಯಾಗಿ ಬಂದಾಗ ಅವನ ಮನೆಯ ಪಕ್ಕದಲ್ಲಿ ಬ್ರೂವರಿ ಇತ್ತು. ಹುದುಗುತ್ತಿದ್ದ ಬಿಯರಿನ ಮೇಲೆ ಒಂದು ಬಗೆಯ ಗಾಳಿ ಹಾಸಿಕೊಂಡಿರುತ್ತಿತ್ತು. ಉರಿಯುವ ಕಡ್ಡಿಯನ್ನು ಅದರೊಳಗೆ ಇಳಿಸಿದರೆ ಆರಿಹೋಗುತ್ತಿತ್ತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಅದಕ್ಕಿಂತ ಮುಂಚೆಯೇ ಗುರುತಿಸಿ 'ಬಂಧಿತ ಗಾಳಿ' ಎಂದು ಕರೆದಿದ್ದ ಅನಿಲವೇ ಇದು. ಆ ತೊಟ್ಟಿಗಳ ಮೇಲೆ ಎರಡು ಪಾತ್ರೆಗಳನ್ನು ಹಿಡಿದು ನೀರನ್ನು ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಾ ಹೋದರೆ ನೀರಿಗೆ ಹುಳಿಯಾದ, ಚುರುಗುಟ್ಟುವ ರುಚಿ ಬರುತ್ತದೆ ಎಂದು ಪ್ರೀಸ್ಟ್ಲಿ ಕಂಡುಕೊಂಡ. 1772ರಲ್ಲಿ ಅದನ್ನು ಮಾಡುವ ವಿಧಾನವನ್ನು ಪುಟ್ಟ ಪುಸ್ತಕವಾಗಿ ಪ್ರಕಟಿಸಿದ. ನಾವಿಕರ ಸ್ಕರ್ವಿ ರೋಗಕ್ಕೆ ಅದು ಮದ್ದಾಗಬಹುದೆಂಬ ಆಸೆ ಅವನಿಗಿತ್ತು. ಮದ್ದು ಆಗಲಿಲ್ಲ, ಸೋಡಾ ಆಯಿತು.

ಅದೇ ಪ್ರೀಸ್ಟ್ಲಿ 1771ರಲ್ಲಿ ಪುದೀನ ಗಿಡವೊಂದನ್ನು ಮುಚ್ಚಿದ ಗಾಜಿನೊಳಗಿಟ್ಟು, ಮೇಣದ ಬತ್ತಿ ಕೆಡಿಸಿದ ಗಾಳಿಯನ್ನು ಗಿಡ ಮತ್ತೆ ಸರಿಪಡಿಸುತ್ತದೆ ಎಂದೂ ತೋರಿಸಿದ್ದ. ಅದು ಬೆಳಕಿನಲ್ಲಿ ಮಾತ್ರ ನಡೆಯುವ ಕೆಲಸ ಎಂದು 1779ರಲ್ಲಿ ಹೇಳಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟು ಗುಳ್ಳೆ ನೋಡುವ ಪದ್ಧತಿಯನ್ನು ಅವನೂ ಬಳಸಿದ.

ಉಳಿದದ್ದು ಒಂದು ಪ್ರಶ್ನೆ. ಗುಳ್ಳೆ ಬರುವುದು ಎಲೆಯಿಂದಲೋ, ನೀರಿನಲ್ಲಿರುವ ಯಾವುದೋ ವಸ್ತುವಿನಿಂದಲೋ? ಜಿನೀವಾದ ಪಾದ್ರಿಯೂ ಗ್ರಂಥಪಾಲಕನೂ ಆಗಿದ್ದ ಝಾನ್ ಸೆನೆಬಿಯೆ ಇದನ್ನು ಸರಳವಾಗಿ ಬಗೆಹರಿಸಿದ. ಕುದಿಸಿ ಗಾಳಿ ಕಳೆದ ನೀರಿನಲ್ಲಿ ಎಲೆ ಇಟ್ಟರೆ ಗುಳ್ಳೆಯಿಲ್ಲ. ಬಂಧಿತ ಗಾಳಿ ಬೆರೆಸಿದ ನೀರಿನಲ್ಲಿ ಇಟ್ಟರೆ ಧಾರಾಳ ಗುಳ್ಳೆ. 1782ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನೀರಿನ ಗಿಡಕ್ಕೆ ಅನಿಲ ಉಣಿಸುವ ಕಲೆಯ ಮೊದಲ ಪುಟ ಎನ್ನಬಹುದು. ಅದರ ಮರುವರ್ಷ, 1783ರಲ್ಲಿ, ಅದೇ ಜಿನೀವಾ ನಗರದಲ್ಲಿ ಯಾಕೋಬ್ ಶ್ವೆಪ್ ಎಂಬ ಗಡಿಯಾರಗಾರ ಸೋಡಾ ನೀರನ್ನು ವ್ಯಾಪಾರದ ಸರಕಾಗಿ ಮಾಡತೊಡಗಿದ. ಒಂದೇ ಊರು, ಒಂದೇ ಅನಿಲ, ಒಂದೇ ಕಾಲ. ಆದರೆ ಸೋಡಾ ಮತ್ತು ಗಿಡ ಮತ್ತೆ ಒಂದೇ ತೊಟ್ಟಿಯಲ್ಲಿ ಸೇರುವುದಕ್ಕೆ ಸುಮಾರು ಎರಡು ಶತಮಾನ ಹಿಡಿಯಿತು.

ಸಮತೋಲದ ತೊಟ್ಟಿ

ನಡುವೆ ಬಂದದ್ದು ಗಾಜಿನ ತೊಟ್ಟಿ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ನೀರು ಬದಲಿಸದೆ ಬದುಕಿಸಿ, 1850ರಲ್ಲಿ ಅದರ ವರದಿ ಬರೆದ. ಮೀನು ಬಿಟ್ಟದ್ದನ್ನು ಗಿಡ ಉಣ್ಣುತ್ತದೆ, ಗಿಡ ಬಿಟ್ಟದ್ದನ್ನು ಮೀನು ಉಸಿರಾಡುತ್ತದೆ, ಕೊಳೆತದ್ದನ್ನು ಬಸವನಹುಳು ತಿನ್ನುತ್ತದೆ ಎಂಬ ಲೆಕ್ಕ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಗಾಸ್ ಬರೆದ ಪುಸ್ತಕ 'ಅಕ್ವೇರಿಯಂ' ಎಂಬ ಪದವನ್ನು ಜನರ ಬಾಯಿಗೆ ತಂದಿತು. ಮುಂಬಯಿಗೆ ಅಂಥ ಸಾರ್ವಜನಿಕ ಮನೆ ಸಿಕ್ಕಿದ್ದು ಸ್ವಾತಂತ್ರ್ಯದ ನಂತರ. ಮರೀನ್ ಡ್ರೈವ್‌ನ ತಾರಾಪೋರವಾಲಾ ಅಕ್ವೇರಿಯಂ 1951ರಲ್ಲಿ ಆರಂಭವಾಯಿತು. ಗಾಜಿನ ಹಿಂದಿನ ಮೀನನ್ನು ನಿಂತು ನೋಡುವ ಅಭ್ಯಾಸ ಮುಂಬಯಿ ಸುತ್ತಲಿನ ಎಷ್ಟೋ ಮನೆಗಳ ಮಕ್ಕಳಿಗೆ ಹತ್ತಿದ್ದು ಅಲ್ಲಿ.

ವಾರಿಂಗ್ಟನ್ನನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅದು ಬಡತನದ ಲೆಕ್ಕ. ಕಿಟಕಿಯ ಬೆಳಕಿನಲ್ಲಿ ನಿಧಾನ ಬೆಳೆಯುವ ಗಿಡಕ್ಕೆ ಮೀನಿನ ಉಸಿರು ಸಾಕು. ಮೇಲೆ ಪ್ರಖರ ದೀಪ ಹಾಕಿದರೆ ಸಾಲದು. ಬ್ರಿಟಿಷ್ ಸಸ್ಯವಿಜ್ಞಾನಿ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ಹೇಳಿದ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ: ಒಂದು ಕೆಲಸಕ್ಕೆ ಹಲವು ವಸ್ತು ಬೇಕಿದ್ದರೆ, ಯಾವುದು ತೀರಾ ಕಡಿಮೆಯಿದೆಯೋ ಅದೇ ವೇಗವನ್ನು ನಿರ್ಧರಿಸುತ್ತದೆ. ಬೆಳಕು ಹೆಚ್ಚಿಸಿದ ತೊಟ್ಟಿಯಲ್ಲಿ ಕೊರತೆ ಬೀಳುವುದು ಸಾಮಾನ್ಯವಾಗಿ ಇಂಗಾಲ.

ಭಾರತದಲ್ಲಿ ಈ ವಿಷಯವನ್ನು ಸೂಕ್ಷ್ಮವಾಗಿ ಅಳೆದವರು ಜಗದೀಶ್ ಚಂದ್ರ ಬೋಸ್. ನೀರಿನ ಗಿಡ ಬಿಡುವ ಗುಳ್ಳೆಗಳನ್ನು ತಾನಾಗಿ ದಾಖಲಿಸುವ ಯಂತ್ರ ಕಟ್ಟಿ, ಹೈಡ್ರಿಲ್ಲಾದ ಮೇಲೆ ಪ್ರಯೋಗ ನಡೆಸಿ, 1924ರಲ್ಲಿ ದ್ಯುತಿಸಂಶ್ಲೇಷಣೆಯ ಬಗ್ಗೆ ಪುಸ್ತಕ ತಂದರು. ಪಿಯುಸಿ ಲ್ಯಾಬಿನ ಹೈಡ್ರಿಲ್ಲಾಕ್ಕೆ ಇಂಥ ದೊಡ್ಡ ವಂಶಾವಳಿಯಿದೆ.

ನೀರಿನೊಳಗಿನ ಹಸಿವು

ಗಾಳಿಯಲ್ಲಿರುವ ಗಿಡಕ್ಕೂ ನೀರಿನಲ್ಲಿರುವ ಗಿಡಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅನಿಲವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಗೆ ಅಂಟಿಕೊಂಡ ತೆಳು ನೀರಿನ ಪದರದಲ್ಲಿದ್ದ ಇಂಗಾಲ ಮುಗಿದರೆ ಹೊಸದು ಬಂದು ಸೇರುವುದು ಆಮೆಗತಿಯಲ್ಲಿ. ಸುಮ್ಮನೆ ತೆರೆದಿಟ್ಟ ನೀರಿನಲ್ಲಿ ಒಂದು ಲೀಟರಿಗೆ ಇರುವುದೇ ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್. ಗಿಡ ಬೆಳೆಸುವವರು ಇಟ್ಟುಕೊಳ್ಳುವ ಗುರಿ ಲೀಟರಿಗೆ 20ರಿಂದ 30 ಮಿಲಿಗ್ರಾಂ, ಎಂದರೆ ಹೆಚ್ಚೂಕಡಿಮೆ ಐವತ್ತು ಪಟ್ಟು.

ಎಲ್ಲ ಗಿಡಗಳಿಗೂ ಈ ಹಸಿವು ಒಂದೇ ಅಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥವು ಅನಿಲ ಸಿಗದಿದ್ದರೆ ನೀರಿನಲ್ಲಿ ಕರಗಿದ ಬೈಕಾರ್ಬೊನೇಟನ್ನೇ ಒಡೆದು ಬಳಸಿಕೊಳ್ಳುತ್ತವೆ. ಅನಿಲ ತೀರಾ ಕಡಿಮೆಯಾದಾಗ ಹೈಡ್ರಿಲ್ಲಾ ಜೋಳ, ಕಬ್ಬಿನಂಥ ಗಿಡಗಳ ರಾಸಾಯನಿಕ ದಾರಿಗೆ ಹೋಲುವ ದಾರಿಗೆ ಹೊರಳುತ್ತದೆ. ಆದರೆ ರೊಟಾಲಾ, ಹೈಗ್ರೊಫಿಲಾ ಜಾತಿಯ ಬಹಳಷ್ಟು ಗಿಡಗಳು ನಿಜವಾಗಿ ಎರಡು ಮನೆಯವು. ಮಳೆಗಾಲದಲ್ಲಿ ಹಳ್ಳದ ನೀರಿನಲ್ಲಿ ಮುಳುಗಿರುತ್ತವೆ, ಬೇಸಿಗೆಯಲ್ಲಿ ದಡದ ಮೇಲೆ ಗಾಳಿಯಲ್ಲಿ ತಲೆ ಎತ್ತಿ ಹೂ ಬಿಡುತ್ತವೆ. ಅವನ್ನು ವರ್ಷವಿಡೀ ಮುಳುಗಿಸಿ, ಮೇಲೆ ದೀಪ ಉರಿಸಿದರೆ, ಅವುಗಳ ಪಾಲಿಗೆ ಗಾಳಿಯಿಲ್ಲದ ಬೇಸಿಗೆ. ಅನಿಲ ಕೊಡಬೇಕಾಗುವುದು ಇಂಥವುಗಳಿಗೆ.

ಸೋಡಾ ಬಾಟಲಿಯಿಂದ ಸಿಲಿಂಡರಿಗೆ

ಅನಿಲವನ್ನು ಕ್ರಮಬದ್ಧವಾಗಿ ತೊಟ್ಟಿಗೆ ಬಿಡುವ ಸಲಕರಣೆಗಳನ್ನು ಬೆಳೆಸಿದವರಲ್ಲಿ ಜರ್ಮನರು ಮುಂದಿದ್ದರು. ಡ್ಯೂಪ್ಲಾ ಸಂಸ್ಥೆಯ ಕಾಸ್ಪರ್ ಹಾರ್ಸ್ಟ್ ಮತ್ತು ಹಾರ್ಸ್ಟ್ ಕಿಪ್ಪರ್ ಬರೆದ ಕೈಪಿಡಿ 1986ರಲ್ಲಿ ಇಂಗ್ಲಿಷಿಗೆ ಬಂದು ಈ ಜ್ಞಾನವನ್ನು ಹೊರಜಗತ್ತಿಗೆ ಮುಟ್ಟಿಸಿತು. ಜಪಾನಿನಲ್ಲಿ ಅದೇ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ವೃತ್ತಿಪರ ಸೈಕಲ್ ಓಟಗಾರನಾಗಿದ್ದ ತಕಾಶಿ ಅಮಾನೊ ತನ್ನ ತೊಟ್ಟಿಗೆ ಸೋಡಾ ನೀರು ಸುರಿದು, ಎಲೆಗಳ ಮೇಲೆ ಮುತ್ತಿನಂಥ ಗುಳ್ಳೆ ಮೂಡಿದ್ದನ್ನು ಕಂಡು ಬೆರಗಾದ ಎಂಬ ಕಥೆಯನ್ನು ಈ ಹವ್ಯಾಸದವರು ಇಂದಿಗೂ ಹೇಳುತ್ತಾರೆ. ಸೆನೆಬಿಯೆಯ ಪ್ರಯೋಗವೇ ಮತ್ತೆ ನಡೆದಂತಾಯಿತು. ಅಮಾನೊ 1982ರಲ್ಲಿ ನೀಗಾಟಾದಲ್ಲಿ ಕಂಪನಿ ಆರಂಭಿಸಿದ. 1990ರ ದಶಕದಲ್ಲಿ ಅವನ ಛಾಯಾಚಿತ್ರ ಪುಸ್ತಕಗಳು ನೀರಿನೊಳಗಿನ ತೋಟವೆಂಬ ಕಲ್ಪನೆಯನ್ನು ಲೋಕಕ್ಕೆಲ್ಲ ಹಂಚಿದವು. 2015ರಲ್ಲಿ ಆತ ತೀರಿಕೊಂಡ.

ಸೋಡಾ ಸುರಿಯುವುದು ಕಥೆಗೆ ಸರಿ, ದಿನನಿತ್ಯಕ್ಕೆ ಆಗದು. ಒಳ್ಳೆಯ ಸೋಡಾದಲ್ಲಿ ಲೀಟರಿಗೆ ಆರು ಗ್ರಾಂನಷ್ಟು ಅನಿಲ ಇರಬಹುದು. 100 ಲೀಟರ್ ತೊಟ್ಟಿಯನ್ನು 30 ಮಿಲಿಗ್ರಾಂ ಮಟ್ಟಕ್ಕೆ ಏರಿಸಲು ಬೇಕಾದದ್ದು 3 ಗ್ರಾಂ, ಅಂದರೆ ಅರ್ಧ ಲೀಟರ್ ಸೋಡಾ. ಆದರೆ ಅದು ಗಂಟೆಗಳಲ್ಲಿ ಮೇಲ್ಮೈಯಿಂದ ಹಾರಿಹೋಗುತ್ತದೆ. ಬೇಕಾದದ್ದು ಒಮ್ಮೆಲೇ ಸುರಿಯುವ ಅನಿಲವಲ್ಲ, ಹಾರಿಹೋದಷ್ಟನ್ನು ಬಿಡದೆ ತುಂಬುತ್ತಿರುವ ಅನಿಲ.

ಅದಕ್ಕೆ ಅಗ್ಗದ ದಾರಿಗಳು ಹುಟ್ಟಿಕೊಂಡವು. ಮೊದಲನೆಯದು ಬಾಟಲಿಯಲ್ಲಿ ಸಕ್ಕರೆ ನೀರು ಮತ್ತು ಯೀಸ್ಟ್. ಇದು ಪ್ರೀಸ್ಟ್ಲಿಯ ಬ್ರೂವರಿಯ ಚಿಕ್ಕ ರೂಪ. ಸೆಕೆ ಹೆಚ್ಚಿದ ದಿನ ಹುದುಗು ಉಕ್ಕುತ್ತದೆ, ತಂಪಾದ ದಿನ ಮಲಗುತ್ತದೆ. ರಾತ್ರಿ ನಿಲ್ಲಿಸಲು ಬರುವುದಿಲ್ಲ. ಎರಡನೆಯದು ಸಿಟ್ರಿಕ್ ಆಮ್ಲ ಮತ್ತು ಅಡುಗೆ ಸೋಡಾ. ಎರಡು ಪ್ಲಾಸ್ಟಿಕ್ ಬಾಟಲಿಗಳಿಗೆ ವಾಲ್ವಿನ ಮುಚ್ಚಳ ಬಿಗಿದು, ಒಂದರ ಆಮ್ಲವನ್ನು ಇನ್ನೊಂದರ ಸೋಡಾಕ್ಕೆ ಒತ್ತಡದಿಂದಲೇ ಹನಿಸುವ ಏರ್ಪಾಡು. ತಲಾ 200 ಗ್ರಾಂ ಹಾಕಿದರೆ ಲೆಕ್ಕದ ಪ್ರಕಾರ ಸುಮಾರು 100 ಗ್ರಾಂ ಅನಿಲ ಬರುತ್ತದೆ. ಒತ್ತಡದ ಮಾಪಕವಿಲ್ಲದೆ, ಒತ್ತಡ ತಡೆಯದ ಬಾಟಲಿಯಲ್ಲಿ ಇದನ್ನು ಮಾಡುವುದು ಅಪಾಯ. ಗಾಜಿನ ಬಾಟಲಿಯನ್ನಂತೂ ಮುಟ್ಟಬಾರದು. ಮೂರನೆಯದು ಸಿಲಿಂಡರು.

ಉಲ್ಹಾಸನಗರದ ನೀರು

ಉಲ್ಹಾಸನಗರ ನೀರಿನ ಹೆಸರಿನ ಊರು. ರಾಜಮಾಚಿ ಬೆಟ್ಟಗಳ ಕಡೆ ಹುಟ್ಟಿ ಕರ್ಜತ್, ಬದ್ಲಾಪುರ ದಾಟಿ ಕಲ್ಯಾಣದ ಕಡೆ ಹರಿಯುವ ಉಲ್ಹಾಸ್ ನದಿಯಿಂದ ಬಂದ ಹೆಸರು ಅದು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಕಲ್ಯಾಣ ಮಿಲಿಟರಿ ಟ್ರಾನ್ಸಿಟ್ ಕ್ಯಾಂಪ್ ಇತ್ತು. ದೇಶ ವಿಭಜನೆಯ ಮೇಲೆ ಸಿಂಧ್ ಬಿಟ್ಟು ಬಂದವರು ಸೈನಿಕರ ಖಾಲಿ ಬ್ಯಾರಕ್ಕುಗಳಲ್ಲಿ ಸಂಸಾರ ಹೂಡಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ಕ್ಯಾಂಪ್ ನಂಬರಿನಿಂದಲೇ ಇಂದಿಗೂ ವಿಳಾಸ ಹೇಳುವ ಈ ಊರಿನವರ ಆರಾಧ್ಯದೈವ ಝೂಲೇಲಾಲ್ ಜಲದೇವತೆ. ಪಟಗಳಲ್ಲಿ ಅವನು ಕುಳಿತಿರುವುದು ಮೀನಿನ ಮೇಲೆ. ಕಳೆದುಕೊಂಡ ಸಿಂಧೂ ನದಿಯ ನೆನಪನ್ನು ಈ ಜನ ಮೀನಿನ ರೂಪದಲ್ಲಿಯೇ ಹೊತ್ತು ತಂದರು.

ಸಿಕ್ಕ ಸಾಮಾನಿನಿಂದ ಬೇಕಾದ್ದನ್ನು ಮಾಡಿಕೊಳ್ಳುವುದು ಈ ಊರಿನ ಖ್ಯಾತಿ. 'ಮೇಡ್ ಇನ್ ಯುಎಸ್ಎ' ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಎಂಬ ತಮಾಷೆ ಮುಂಬಯಿಯಲ್ಲೆಲ್ಲ ಹಳೆಯದು. ಅಕ್ವೇರಿಯಂ ಅನಿಲದ ಏರ್ಪಾಡೂ ಇದೇ ಮನೋಧರ್ಮದ್ದು: ವೆಲ್ಡಿಂಗಿನವರ ರೆಗ್ಯುಲೇಟರು, ಬೆಂಕಿ ಆರಿಸುವ ಸಿಲಿಂಡರು, ಗೋಲಿ ಸೋಡಾದವನಿಗೆ ಅನಿಲ ತುಂಬಿಕೊಡುವ ಅಂಗಡಿ. ಮರಾಠಿಯಲ್ಲಿ ಗೋಟಿ ಸೋಡಾ ಎನ್ನುವ ಆ ಬಾಟಲಿಯನ್ನು ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿದ್ದ. ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವ ಅನಿಲವೇ ತೊಟ್ಟಿಯ ಗಿಡದ ಊಟ.

ಆದರೆ ಜುಗಾಡಕ್ಕೂ ಒಂದು ಗಡಿ ಇದೆ. ಆ ಗಡಿಯನ್ನು ಹಾಕುವುದು ಬಿಸಿಲು.

ಮೂವತ್ತೊಂದು ಡಿಗ್ರಿ

1869ರಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ ಗಾಜಿನ ಸಣ್ಣ ನಳಿಗೆಯಲ್ಲಿ ಇದೇ ಅನಿಲವನ್ನು ಒತ್ತಿ ನೋಡಿ ಒಂದು ವಿಚಿತ್ರ ಸಂಗತಿ ವರದಿ ಮಾಡಿದ. ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಈ ನಿರ್ಣಾಯಕ ತಾಪಮಾನವೆಂಬ ಕಲ್ಪನೆ ಭೌತವಿಜ್ಞಾನಕ್ಕೆ ಸಿಕ್ಕಿದ್ದು ಇಂಗಾಲದ ಡೈಆಕ್ಸೈಡಿನಿಂದ.

ಬೆಲ್‌ಫಾಸ್ಟಿನಲ್ಲಿ 31 ಡಿಗ್ರಿ ಅಪರೂಪ. ಕಲ್ಯಾಣ, ಬದ್ಲಾಪುರ, ಉಲ್ಹಾಸನಗರದಲ್ಲಿ ಅದು ಏಪ್ರಿಲ್ ತಿಂಗಳ ಅಡುಗೆಮನೆ. 20 ಡಿಗ್ರಿಯಲ್ಲಿ ಸಿಲಿಂಡರಿನೊಳಗೆ ದ್ರವದ ಮೇಲಿನ ಒತ್ತಡ ಸುಮಾರು 57 ಬಾರ್. 30 ಡಿಗ್ರಿಯಲ್ಲಿ 72ರ ಆಸುಪಾಸು. ಅದರಾಚೆಗೆ ಒಳಗೆ ದ್ರವವೇ ಇಲ್ಲ, ಒತ್ತಡ ಎಷ್ಟೆಂಬುದು ಎಷ್ಟು ತುಂಬಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಆದ್ದರಿಂದಲೇ ಈ ಅನಿಲವನ್ನು ಒತ್ತಡ ನೋಡಿ ತುಂಬುವುದಿಲ್ಲ, ತೂಕ ಮಾಡಿ ತುಂಬುತ್ತಾರೆ. ಆಸೆಗೆ ಬಿದ್ದು ಹೆಚ್ಚು ತುಂಬಿಸಿಕೊಂಡ ಸಿಲಿಂಡರು ಚಳಿಗಾಲದಲ್ಲಿ ಸುಮ್ಮನಿದ್ದು ಮೇ ತಿಂಗಳಲ್ಲಿ ಅಪಾಯವಾಗುತ್ತದೆ. ಭಾರತದಲ್ಲಿ ಸಿಲಿಂಡರುಗಳಿಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆಯ ಅನುಮೋದನೆ ಬೇಕು, 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಕಾಲಕಾಲಕ್ಕೆ ಪರೀಕ್ಷೆಯಾಗಬೇಕು. ಗುಜರಿಯಿಂದ ತಂದು ಬಣ್ಣ ಬಳಿದ ಸಿಲಿಂಡರಿನಲ್ಲಿ ಉಳಿಸುವ ಹಣ ಉಳಿತಾಯವಲ್ಲ.

ಸೋರಿಕೆಯ ಲೆಕ್ಕವನ್ನೂ ಮಾಡಬಹುದು. 2 ಕಿಲೋ ಅನಿಲ ಹೊರಬಂದರೆ ಸುಮಾರು 1,100 ಲೀಟರ್ ಆಗುತ್ತದೆ. ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿಯ ಕೋಣೆಯ ಗಾಳಿ ಸುಮಾರು 28,000 ಲೀಟರ್. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಲ್ಲವೂ ಸೋರಿದರೆ ಗಾಳಿಯಲ್ಲಿ ಶೇ. 4ರಷ್ಟಾಗುತ್ತದೆ. ಜೀವಕ್ಕೆ ತಕ್ಷಣ ಅಪಾಯ ಎಂದು ಸುರಕ್ಷತಾ ಮಾನದಂಡಗಳು ಹೇಳುವ ಮಟ್ಟ ಅದೇ. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವ ಮನೆಗಳು ಇದನ್ನು ಮರೆಯುವಂತಿಲ್ಲ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಕಟ್ಟುವುದು, ಪ್ರತಿ ಜೋಡಣೆಗೂ ಸಾಬೂನು ನೊರೆ ಹಚ್ಚಿ ಗುಳ್ಳೆ ನೋಡುವುದು, ಗಾಳಿಯಾಡುವ ಕಡೆ ಇಡುವುದು ಇವೆಲ್ಲ ಅಲಂಕಾರದ ಮಾತಲ್ಲ.

ಮಾಪಕದ ಮುಳ್ಳು ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಒಳಗೆ ದ್ರವ ಇರುವ ತನಕ ಒತ್ತಡ ಇಳಿಯುವುದೇ ಇಲ್ಲ, ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯಲು ತಕ್ಕಡಿಯೇ ಬೇಕು. ದ್ರವ ಮುಗಿದು ಒತ್ತಡ ಕುಸಿಯುವಾಗ ಒಂದೇ ಹಂತದ ರೆಗ್ಯುಲೇಟರಿನ ಹೊರ ಒತ್ತಡ ಏರುತ್ತದೆ, ಉಳಿದ ಅನಿಲ ರಭಸದಿಂದ ತೊಟ್ಟಿಗೆ ನುಗ್ಗುತ್ತದೆ. ಸಿಲಿಂಡರು ಖಾಲಿಯಾಗುವ ದಿನವೇ ಮೀನು ಸಾಯುವುದು ಇದರಿಂದ. ಎರಡು ಹಂತದ ರೆಗ್ಯುಲೇಟರು ದುಬಾರಿಯಾಗಿರುವುದಕ್ಕೆ ಕಾರಣ ಇದೆ.

ನೀಲಿ, ಹಸಿರು, ಹಳದಿ

ಕರಗಿದ ಅನಿಲವನ್ನು ಕಣ್ಣಿನಿಂದ ನೋಡಲಾಗದು. ಹಾಗಾಗಿ ಅಳೆಯುವ ಉಪಾಯ ಬೇಕಾಯಿತು. ಅನಿಲ ಕರಗಿದಷ್ಟೂ ನೀರು ಹುಳಿಯಾಗಿ ಪಿಎಚ್ ಇಳಿಯುತ್ತದೆ, ನೀರಿನ ಕಾರ್ಬೊನೇಟ್ ಗಡಸುತನ ಹೆಚ್ಚಿದಷ್ಟೂ ಆ ಇಳಿತಕ್ಕೆ ಅಡ್ಡಿಯಾಗುತ್ತದೆ. ಈ ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಕೆಎಚ್ ಎನ್ನುತ್ತಾರೆ. ಎರಡೂ ಗೊತ್ತಿದ್ದರೆ ಅನಿಲದ ಪ್ರಮಾಣ ಲೆಕ್ಕಕ್ಕೆ ಸಿಗುತ್ತದೆ.

ಲೀಟರಿಗೆ 30 ಮಿಲಿಗ್ರಾಂ ಮಟ್ಟ ತಲುಪಲು ಕೆಎಚ್ 2 ಇರುವ ನೀರಿನ ಪಿಎಚ್ 6.3ಕ್ಕೆ ಇಳಿಯಬೇಕು, ಕೆಎಚ್ 4 ಇದ್ದರೆ 6.6ಕ್ಕೆ, ಕೆಎಚ್ 10 ಇದ್ದರೆ 7ಕ್ಕೆ. ಬದ್ಲಾಪುರದ ಬಳಿ ಎಂಐಡಿಸಿಯ ಬಾರವಿ ಅಣೆಕಟ್ಟಿನಂಥ ಮಳೆ ಜಲಾಶಯದಿಂದ ಬರುವ ನಲ್ಲಿ ನೀರು ಸಾಮಾನ್ಯವಾಗಿ ಮೆದು. ಬೋರ್‌ವೆಲ್ ಅಥವಾ ಟ್ಯಾಂಕರಿನ ನೀರು ಗಡಸಾಗಿರಬಹುದು. ಹೀಗಾಗಿ ಒಂದೇ ಓಣಿಯ ಎರಡು ಮನೆಗಳಲ್ಲಿ 7 ಎಂಬ ಒಂದೇ ಅಂಕಿ ಎರಡು ಅರ್ಥ ಕೊಡುತ್ತದೆ: ಒಂದರಲ್ಲಿ ಗಿಡಕ್ಕೆ ಉಪವಾಸ, ಇನ್ನೊಂದರಲ್ಲಿ ಭರ್ತಿ ಊಟ. ಪಕ್ಕದ ಮನೆಯವರ ಗುಳ್ಳೆ ಲೆಕ್ಕವನ್ನು ನಕಲು ಮಾಡಿದವರು ಕೆಡುವುದು ಇಲ್ಲಿಯೇ.

ಮರದ ಬೇರು, ಒಣಗಿದ ಎಲೆಗಳು ನೀರಿಗೆ ಬೇರೆ ಆಮ್ಲಗಳನ್ನು ಬಿಟ್ಟು ಈ ಲೆಕ್ಕವನ್ನೂ ಕೆಡಿಸುತ್ತವೆ. ಡ್ರಾಪ್ ಚೆಕರ್ ಎಂಬ ಗಾಜಿನ ಪುಟ್ಟ ಬುಂಡೆ ಇದಕ್ಕೆ ಪರಿಹಾರ. ಅದರೊಳಗೆ ಇರುವುದು ತೊಟ್ಟಿಯ ನೀರಲ್ಲ, ಕೆಎಚ್ 4 ಎಂದು ಖಚಿತವಾಗಿ ಗೊತ್ತಿರುವ ಬೇರೆ ನೀರು ಮತ್ತು ಎರಡು ಹನಿ ಬ್ರೋಮೋಥೈಮಾಲ್ ಬ್ಲೂ. ನಡುವಿನ ಗಾಳಿಯ ಪದರ ದಾಟಿ ಅನಿಲ ಮಾತ್ರ ಒಳಹೋಗುತ್ತದೆ. ಕಡಿಮೆಯಿದ್ದರೆ ನೀಲಿ, 30ರ ಹತ್ತಿರ ಹಸಿರು, ಮಿತಿ ಮೀರಿದರೆ ಹಳದಿ. ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕಾದ್ದರಿಂದ ಅದು ಹೇಳುವುದು ಈಗಿನ ಸುದ್ದಿಯಲ್ಲ, ಸ್ವಲ್ಪ ಹಳೆಯ ಸುದ್ದಿ.

ಅನುಭವಿಗಳು ಪಾಲಿಸುವ ಕ್ರಮ ಇದರಿಂದಲೇ ಹುಟ್ಟಿದ್ದು. ದೀಪ ಹತ್ತುವುದಕ್ಕೆ ಒಂದೆರಡು ಗಂಟೆ ಮೊದಲು ಅನಿಲ ಶುರು, ದೀಪ ಆರುವ ಮೊದಲೇ ಅನಿಲ ಬಂದ್. ಸೆಕೆಂಡಿಗೆ ಒಂದು ಗುಳ್ಳೆಯಂಥ ಕಡಿಮೆ ವೇಗದಿಂದ ಆರಂಭಿಸಿ, ನೀಡಲ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ದಿನಕ್ಕೆ ಒಂದೇ ಬದಲಾವಣೆ. ಅನಿಲ ಬಿಡದ ನೀರಿನ ಪಿಎಚ್‌ಗಿಂತ ಒಂದು ಅಂಕ ಇಳಿಯುವುದು ಮೊದಲ ಗುರಿ. ವಾಲ್ವ್ ತಿರುಗಿಸುವುದು ಮನೆಯಲ್ಲಿ ಇಡೀ ದಿನ ಇರುವ ರಜೆಯಂದು ಮಾತ್ರ. ತಿರುಗಿಸಿ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವಂತಿಲ್ಲ. ಕರೆಂಟ್ ಹೋದರೆ ತಾನಾಗಿ ಮುಚ್ಚಿಕೊಳ್ಳುವ ಸೊಲೆನಾಯ್ಡ್ ಇದ್ದರೆ ಒಳ್ಳೆಯದು.

ಮೀನಿನ ರಕ್ತ

ಹಳದಿ ಬಣ್ಣಕ್ಕೆ ಏಕೆ ಹೆದರಬೇಕು ಎಂಬುದಕ್ಕೆ ಉತ್ತರ ಕೋಪನ್‌ಹೇಗನ್ನಿನಿಂದ ಬಂದದ್ದು. ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ತೋರಿಸಿದ ಪ್ರಕಾರ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಬಲ ಕುಗ್ಗುತ್ತದೆ. ಮೀನು ತನ್ನ ರಕ್ತದ ಅನಿಲವನ್ನು ಕಿವಿರಿನಿಂದ ನೀರಿಗೆ ಬಿಡುತ್ತದೆ. ನೀರಿನಲ್ಲೇ ಅದು ತುಂಬಿದ್ದರೆ ಬಿಡಲು ಜಾಗವಿಲ್ಲ, ರಕ್ತ ಹುಳಿಯಾಗುತ್ತದೆ, ಸುತ್ತ ಆಮ್ಲಜನಕ ಇದ್ದರೂ ಮೀನು ಉಸಿರುಗಟ್ಟುತ್ತದೆ.

ಸೆಕೆ ಇದನ್ನು ಇನ್ನಷ್ಟು ಕಠಿಣವಾಗಿಸುತ್ತದೆ. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 32 ಡಿಗ್ರಿಯಲ್ಲಿ 7.3 ಮಾತ್ರ. ಮೀನಿಗೆ ಬೇಕಾಗುವುದೋ ಸೆಕೆಯಲ್ಲಿ ಹೆಚ್ಚು. ಡಿಸೆಂಬರಿನಲ್ಲಿ ಸರಿಹೋದ ಗುಳ್ಳೆ ಲೆಕ್ಕ ಮೇ ತಿಂಗಳಲ್ಲಿ ಸರಿಯೆಂದು ನಂಬುವಂತಿಲ್ಲ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದರೆ ಬಣ್ಣ ನೋಡುತ್ತಾ ಕೂರುವುದಲ್ಲ. ಅನಿಲ ನಿಲ್ಲಿಸಿ, ಏರ್ ಪಂಪ್ ಹಾಕಿ, ನೀರು ಕಲಕಿ, ಒಂದು ಭಾಗ ನೀರು ಬದಲಿಸಬೇಕು. ಡ್ರಾಪ್ ಚೆಕರ್‌ಗಿಂತ ಮೊದಲೇ ಸುದ್ದಿ ಕೊಡುವುದು ಮೀನು.

ಹಳ್ಳದಿಂದ ಹೋದದ್ದು

ಈ ತೊಟ್ಟಿಗಳಲ್ಲಿ ವಿದೇಶಿ ಹೆಸರು ಹೊತ್ತು ಬರುವ ಗಿಡಗಳ ಪೈಕಿ ಕೆಲವು ಇಲ್ಲಿಯವೇ. ಕೆಂಪು ಎಲೆಯ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು. ಸೀಳು ಎಲೆಯ ಹೈಗ್ರೊಫಿಲಾ ಪಿನ್ನಾಟಿಫಿಡಾ ಪಶ್ಚಿಮ ಘಟ್ಟದ ಹಳ್ಳಗಳದ್ದು. ಅದನ್ನು 19ನೇ ಶತಮಾನದ ನಡುವಿನಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವನು ಬೊಂಬಾಯಿ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ನಿಕೋಲ್ ಡಾಲ್ಜೆಲ್. ಬೆಳಗಾವಿ, ಧಾರವಾಡಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದವು. ಈಗ ಡೆನ್ಮಾರ್ಕಿನ ನರ್ಸರಿಯ ಪಟ್ಟಿಯಲ್ಲಿಯೂ ಆ ಗಿಡವಿದೆ. ಸಹ್ಯಾದ್ರಿಯ ಹಳ್ಳದಲ್ಲಿ ಕಾಲಿಗೆ ತೊಡರುವ ಗಿಡಕ್ಕೆ ಸಿಲಿಂಡರು, ದೀಪ, ಗೊಬ್ಬರದ ಉಪಚಾರ ನಡೆಯುವುದು ಸಹ್ಯಾದ್ರಿಯ ತಪ್ಪಲಿನ ಊರಿನ ಕೋಣೆಯಲ್ಲಿ.

ಅದೇ ತಪ್ಪಲಿನ ಉಲ್ಹಾಸ್ ನದಿಯ ಮೇಲೆ ಇತ್ತೀಚಿನ ವರ್ಷಗಳಲ್ಲಿ ಅಂತರಗಂಗೆ ಹಾಸಿಕೊಳ್ಳುತ್ತಿದೆ. ಅಂಬರನಾಥದ ಹಳೆಯ ಶಿವಾಲಯದ ಪಕ್ಕ ಹರಿದು ಉಲ್ಹಾಸನಗರದೊಳಗೆ ಬರುವ ವಾಲಧುನಿ ಕಾರ್ಖಾನೆಗಳ ಕೊಳೆ ಹೊತ್ತ ಚರಂಡಿಯಂತಾಗಿದೆ. ಅಲ್ಲಿಯೂ ಬ್ಲ್ಯಾಕ್‌ಮನ್‌ನ ಮಾತೇ ನಡೆಯುವುದು. ಗಾಳಿಯಲ್ಲಿ ಎಲೆ ಚಾಚಿದ ಅಂತರಗಂಗೆಗೆ ಇಂಗಾಲದ ಕೊರತೆಯಿಲ್ಲ, ಕೊಳಚೆಯಿಂದ ಗೊಬ್ಬರ ಧಾರಾಳ, ಬಿಸಿಲು ಸಾಕಷ್ಟು. ಅದರ ಕೆಳಗೆ ಬೆಳಕು ಕಾಣದ ನೀರಿನಲ್ಲಿ ಮುಳುಗು ಗಿಡಕ್ಕೂ ಮೀನಿಗೂ ಉಸಿರಿಲ್ಲ.

ಸಿಲಿಂಡರು ಬೇಡವೆನ್ನುವವರಿಗೆ ವಾರಿಂಗ್ಟನ್ನನ ದಾರಿ ಇಂದಿಗೂ ತೆರೆದಿದೆ: ಕಡಿಮೆ ಬೆಳಕು, ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೊಕೊರೈನ್, ನಾಲ್ಕು ಮೀನು, ಒಂದಿಷ್ಟು ತಾಳ್ಮೆ. ಸಿಲಿಂಡರು ಬೇಕೆನ್ನುವವರು ಮೊದಲು ಕೊಳ್ಳಬೇಕಾದದ್ದು ಕೆಎಚ್ ಅಳೆಯುವ ಕಿಟ್ಟು ಮತ್ತು ಒಂದು ತಕ್ಕಡಿ.